ಬಿಗ್‌ಫುಟ್‌ಗೆ ಈಜು ಬರುತ್ತದೆಯೇ? ಕಾಳಿ ನದಿಯ ಅಳಿವೆಯಲ್ಲಿ ಒಂದು ಲೆಕ್ಕಾಚಾರ

ಮೈತುಂಬ ಕೂದಲು, ಏಳೆಂಟು ಅಡಿ ಎತ್ತರ, ಮನುಷ್ಯರ ಹಾಗೆ ಎರಡೇ ಕಾಲಿನ ನಡಿಗೆ. ಇಂಥ ಪ್ರಾಣಿಯೊಂದು ಹೊಳೆ ದಾಟುವ, ಕಾಡಿನಲ್ಲಿ ಅಲೆಯುವ, ಕ್ಯಾಮೆರಾ ಕಡೆ ತಿರುಗಿ ಮಾತೂ ಆಡುವ ವಿಡಿಯೋಗಳು ಈಗ ಮೊಬೈಲ್‌ಗಳಲ್ಲಿ ಓಡಾಡುತ್ತಿವೆ. 2025ರ ಮೇ ತಿಂಗಳಲ್ಲಿ ಗೂಗಲ್ ಕಂಪನಿ ವಿಯೋ 3 ಎಂಬ ಎಐ ವಿಡಿಯೋ ಸಾಧನವನ್ನು ಬಿಡುಗಡೆ ಮಾಡಿತು. ಕೆಲವೇ ವಾರಗಳಲ್ಲಿ ಬಿಗ್‌ಫುಟ್ ಮತ್ತು ಯೇತಿಯ ವಿಡಿಯೋಗಳು ಎಲ್ಲ ಕಡೆ ಹರಡಿದವು. ಎಷ್ಟೋ ಜನ ಇದು ಎಐ ಅಂತ ಹೇಳಿಯೇ ಹಾಕಿದ್ದರು. ಆದರೆ ಫೋನಿನಿಂದ ಫೋನಿಗೆ ದಾಟುವಾಗ ಮೊದಲು ಕಳೆದುಹೋಗುವುದು ಆ ಮಾತೇ. ಕಾರವಾರ, ಕುಮಟಾ, ಶಿರಸಿಯ ವಾಟ್ಸಾಪ್ ಗುಂಪಿಗೆ ಬರುವ ಹೊತ್ತಿಗೆ ಉಳಿದಿರುವುದು ಚಿತ್ರ ಮಾತ್ರ. ನೋಡಿದವರು ಗೊಂದಲಕ್ಕೆ ಬೀಳುವುದು ಸಹಜ.

ಈ ಗೊಂದಲದ ನಡುವೆ ಒಂದು ಪ್ರಶ್ನೆ ನಿಜಕ್ಕೂ ಒಳ್ಳೆಯದು. ಇಂಥ ಪ್ರಾಣಿ ಇದ್ದದ್ದೇ ಆದರೆ ಅದಕ್ಕೆ ಈಜಲು ಬರುತ್ತಿತ್ತೇ? ಮಕ್ಕಳ ಪ್ರಶ್ನೆಯ ಹಾಗೆ ಕೇಳಿಸುತ್ತದೆ. ಆದರೆ ಪ್ರಾಣಿ ಇದೆಯೋ ಇಲ್ಲವೋ ಎಂದು ವಾದಕ್ಕೆ ಇಳಿದರೆ ಮಾತು ನಂಬಿಕೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಈಜುತ್ತದೆಯೇ ಎಂದು ಕೇಳಿದರೆ ಮೂಳೆ, ಕೊಬ್ಬು, ಉಸಿರು, ನೀರಿನ ಸೆಳೆತ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಲೆಕ್ಕ ಹಾಕಬಹುದಾದ ಪ್ರಶ್ನೆಗೆ ಉತ್ತರ ಹುಡುಕಬಹುದು.

ಕಥೆ ಎಲ್ಲಿಯದು

ಬಿಗ್‌ಫುಟ್ ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಕಾಡುಗಳ ಕಥೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಇದನ್ನು ಸಾಸ್ಕ್ವಾಚ್ ಎನ್ನುತ್ತಾರೆ. ಅಲ್ಲಿನ ಮೂಲನಿವಾಸಿಗಳಲ್ಲಿ ಕಾಡಿನ ದೈತ್ಯರ ಕಥೆಗಳು ಬಹಳ ಹಳೆಯವು. ಆದರೆ ಬಿಗ್‌ಫುಟ್ ಎಂಬ ಹೆಸರು ಪತ್ರಿಕೆಗಳಲ್ಲಿ ಓಡಾಡಿದ್ದು 1958ರಲ್ಲಿ, ಕ್ಯಾಲಿಫೋರ್ನಿಯಾದ ಬ್ಲಫ್ ಕ್ರೀಕ್ ಎಂಬಲ್ಲಿ ರಸ್ತೆ ಕೆಲಸದವರಿಗೆ ದೊಡ್ಡ ಹೆಜ್ಜೆಗಳು ಕಂಡ ಮೇಲೆ. ಆ ಕೆಲಸದ ಗುತ್ತಿಗೆದಾರ ರೇ ವ್ಯಾಲೇಸ್ 2002ರಲ್ಲಿ ತೀರಿಕೊಂಡಾಗ, ಮರದಲ್ಲಿ ಕೆತ್ತಿದ ಪಾದಗಳಿಂದ ಅವರೇ ಆ ಗುರುತು ಮೂಡಿಸಿದ್ದರು ಎಂದು ಮನೆಯವರು ಹೇಳಿದರು. ನಡುವೆ 1967ರ ಅಕ್ಟೋಬರ್‌ನಲ್ಲಿ ಅದೇ ಬ್ಲಫ್ ಕ್ರೀಕ್‌ನಲ್ಲಿ ತೆಗೆದ, ಬಿಗ್‌ಫುಟ್‌ನದ್ದು ಎನ್ನಲಾದ ಚಿಕ್ಕ ಫಿಲ್ಮಿನ ಬಗ್ಗೆ ಇವತ್ತಿಗೂ ಜಗಳ ಮುಗಿದಿಲ್ಲ.

ನಮಗೆ ಹತ್ತಿರದ್ದು ಹಿಮಾಲಯದ ಯೇತಿ. 2019ರ ಏಪ್ರಿಲ್‌ನಲ್ಲಿ ನೇಪಾಳದ ಮಕಾಲು ಪರ್ವತದ ಶಿಬಿರದ ಬಳಿ 32 ಇಂಚು ಉದ್ದದ ಹೆಜ್ಜೆಗಳು ಕಂಡವು ಎಂದು ಭಾರತೀಯ ಸೇನೆಯೇ ಟ್ವೀಟ್ ಮಾಡಿತ್ತು. ಅದಕ್ಕೂ ಎರಡು ವರ್ಷ ಮೊದಲೇ ವಿಜ್ಞಾನಿ ಶಾರ್ಲಟ್ ಲಿಂಡ್‌ಕ್ವಿಸ್ಟ್ ತಂಡ ಯೇತಿಯದ್ದು ಎನ್ನಲಾದ 9 ಮಾದರಿಗಳ ಡಿಎನ್‌ಎ ನೋಡಿತ್ತು. ಎಂಟು ಕರಡಿಯವು, ಒಂದು ನಾಯಿಯದು.

ಈಜಿನ ಮಾತು ಯಾಕೆ ಬಂತು

ಬ್ರಿಟಿಷ್ ಕೊಲಂಬಿಯಾದ ಕರಾವಳಿ ತುಂಬ ದ್ವೀಪಗಳು. ವ್ಯಾಂಕೂವರ್ ದ್ವೀಪದಿಂದಲೂ ಸಾಸ್ಕ್ವಾಚ್ ಕಂಡಿತು ಎಂಬ ಸುದ್ದಿಗಳು ಬರುತ್ತವೆ. ಇನ್ನು ಹೆಜ್ಜೆ ಗುರುತು ಹೊಳೆಯ ದಂಡೆಯವರೆಗೆ ಬಂದು ಅಲ್ಲೇ ಕಾಣೆಯಾಗುವ ವರದಿಗಳು ಬೇರೆ. ನಂಬುವವರು ಇವೆರಡನ್ನೂ ಜೋಡಿಸುತ್ತಾರೆ. ದ್ವೀಪದಲ್ಲಿದೆ ಅಂದರೆ ಈಜಿಯೇ ಹೋಗಿರಬೇಕು, ಈಜುತ್ತದೆ ಅಂದರೆ ಗುರುತು ಸಿಗದೇ ಇರುವುದು ಸಹಜ, ಅಲ್ವಾ? ಹೀಗೆ ಸಾಗುತ್ತದೆ ಅವರ ವಾದ.

ಎದುರು ಪಕ್ಷದ ಪ್ರಾಣಿಶಾಸ್ತ್ರಜ್ಞರು ಹೇಳುವುದು ಬೇರೆ. ಚಿಂಪಾಂಜಿ, ಗೊರಿಲ್ಲಾಗಳಂಥ ದೊಡ್ಡ ವಾನರಗಳಿಗೆ ನೀರು ಎಂದರೆ ಆಗುವುದಿಲ್ಲ. ಈಜುವ ವಾನರ ಎನ್ನುವುದೇ ಕಥೆಯ ಮೇಲೆ ಕಟ್ಟಿದ ಇನ್ನೊಂದು ಕಥೆ.

ಎರಡೂ ವಾದಗಳಲ್ಲಿ ಸ್ವಲ್ಪ ಅವಸರವಿದೆ. ದ್ವೀಪದಲ್ಲಿ ಪ್ರಾಣಿ ಇದ್ದ ಮಾತ್ರಕ್ಕೆ ಅದು ಈಜಿ ಹೋಯಿತು ಅಂತಲ್ಲ. ಮುರ್ಡೇಶ್ವರದಿಂದ ಕಾಣುವ ನೇತ್ರಾಣಿ ದ್ವೀಪದಲ್ಲಿ ಆಡುಗಳಿವೆ. ಅವು ಅರಬ್ಬಿ ಸಮುದ್ರ ಈಜಿದ್ದಲ್ಲ, ಜನ ದೋಣಿಯಲ್ಲಿ ಒಯ್ದು ಬಿಟ್ಟದ್ದು. ದಕ್ಷಿಣ ಅಮೆರಿಕದ ಕೋತಿಗಳ ಪೂರ್ವಜರು ಆಫ್ರಿಕಾದಿಂದ ಅಟ್ಲಾಂಟಿಕ್ ದಾಟಿದ್ದು ಬಹುಶಃ ನೆರೆಯಲ್ಲಿ ಕಿತ್ತುಬಂದ ಮರ, ಗಿಡ, ಬೇರಿನ ರಾಶಿಯ ಮೇಲೆ ತೇಲಿಕೊಂಡು. ಇಂಡೋನೇಷ್ಯಾದ ಫ್ಲೋರೆಸ್ ದ್ವೀಪದಲ್ಲಿ 2003ರಲ್ಲಿ ಮೂರೂವರೆ ಅಡಿ ಎತ್ತರದ ಕುಳ್ಳ ಮಾನವರ ಮೂಳೆಗಳು ಸಿಕ್ಕವು. ಆ ದ್ವೀಪ ದೊಡ್ಡ ನೆಲಕ್ಕೆ ಯಾವತ್ತೂ ಕೂಡಿಕೊಂಡಿರಲಿಲ್ಲ. ಅವರ ಪೂರ್ವಜರು ಅಲ್ಲಿಗೆ ಮುಟ್ಟಿದ್ದೂ ಹೀಗೇ ಆಕಸ್ಮಿಕವಾಗಿ ತೇಲಿ ಇರಬಹುದು ಎಂಬ ವಾದವಿದೆ.

ಇನ್ನು ಅಮೆರಿಕಕ್ಕೆ ಇಂಥ ಪ್ರಾಣಿ ಬಂದದ್ದು ಹೇಗೆ? ಒಂದು ಕಾಲಕ್ಕೆ ದಕ್ಷಿಣ ಚೀನಾದಲ್ಲಿ ಜೈಗ್ಯಾಂಟೊಪಿಥೆಕಸ್ ಎಂಬ ನಿಜವಾದ ದೈತ್ಯ ವಾನರವಿತ್ತು. ಅದರದ್ದು ಅಂತ ನಮ್ಮ ಕೈಯಲ್ಲಿರುವುದು ನಾಲ್ಕು ದವಡೆ ಮತ್ತು ಸುಮಾರು ಎರಡು ಸಾವಿರ ಹಲ್ಲು. ಎರಡು ಲಕ್ಷ ವರ್ಷಗಳಿಗೂ ಹಿಂದೆಯೇ ಅದು ಅಳಿದುಹೋಯಿತು. ಹಿಮಯುಗದಲ್ಲಿ ಸಮುದ್ರ 120 ಮೀಟರಿನಷ್ಟು ಇಳಿದಾಗ ಸೈಬೀರಿಯಾ ಮತ್ತು ಅಲಾಸ್ಕಾದ ನಡುವೆ ನೆಲ ಎದ್ದಿತ್ತು, ಆ ದಾರಿಯಲ್ಲಿ ಇದು ನಡೆದೇ ಬಂತು ಎಂದು ಮಾನವಶಾಸ್ತ್ರಜ್ಞ ಗ್ರೋವರ್ ಕ್ರಾಂಟ್ಜ್ ವಾದಿಸಿದ್ದರು. ಆದರೆ ಸೈಬೀರಿಯಾದಲ್ಲೂ ಅಮೆರಿಕದಲ್ಲೂ ಅದರ ಒಂದು ಹಲ್ಲೂ ಸಿಕ್ಕಿಲ್ಲ.

ಕೋತಿ ಬೇರೆ, ಬಾಲವಿಲ್ಲದ ವಾನರ ಬೇರೆ

'ಮಂಗ ಈಜುತ್ತದಲ್ಲ, ಬಿಗ್‌ಫುಟ್ ಯಾಕೆ ಈಜಬಾರದು?' ಎಂಬ ಮಾತು ಇಲ್ಲಿ ಬಂದೇ ಬರುತ್ತದೆ. ಮಂಗ ಈಜುವುದು ನಿಜ. ಸೆಕೆ ದಿನಗಳಲ್ಲಿ ದೇವಸ್ಥಾನದ ಪುಷ್ಕರಣಿಗೆ ಮರಿ ಮಂಗಗಳು ಮೇಲಿಂದ ಹಾರಿ, ಈಜಿ, ಮತ್ತೆ ಹತ್ತಿ ಹಾರುತ್ತವೆ. ಬೋರ್ನಿಯೋದ ಉದ್ದ ಮೂಗಿನ ಕೋತಿಗೆ ಬೆರಳುಗಳ ನಡುವೆ ಸ್ವಲ್ಪ ಜಾಲಪಾದವೇ ಇದೆ. 1930ರ ದಶಕದಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಪ್ರವಾಸಿ ದೋಣಿ ನಡೆಸುತ್ತಿದ್ದವರೊಬ್ಬರು ಉತ್ತರ ಭಾರತದ ಜಾತಿಯ ಮಂಗಗಳನ್ನು ನದಿಯ ನಡುಗಡ್ಡೆಯಲ್ಲಿ ಬಿಟ್ಟರು. ನೀರಿನ ನಡುವೆ ಇದ್ದರೆ ಎಲ್ಲೂ ಹೋಗುವುದಿಲ್ಲ ಎಂದುಕೊಂಡಿದ್ದರು. ಅವು ಈಜಿ ದಡ ಸೇರಿದವು. ಅವುಗಳ ಸಂತತಿ ಇವತ್ತಿಗೂ ಅಲ್ಲಿನ ಕಾಡಿನಲ್ಲಿದೆ.

ಆದರೆ ಬಿಗ್‌ಫುಟ್ ಕಥೆಯ ಪ್ರಾಣಿ ಕೋತಿಯಲ್ಲ. ಅದು ಬಾಲವಿಲ್ಲದ ವಾನರ, ಅಂದರೆ ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗಳ ಬಳಗ. ಆ ಬಳಗಕ್ಕೆ ನೀರು ಗೋಡೆ ಇದ್ದ ಹಾಗೆ. ಮೃಗಾಲಯಗಳಲ್ಲಿ ಅವುಗಳ ಸುತ್ತ ಕಂಬಿಯ ಬದಲು ನೀರಿನ ಕಂದಕ ಮಾಡುವುದು ಇದೇ ಕಾರಣಕ್ಕೆ. ಆ ಕಂದಕಕ್ಕೆ ಬಿದ್ದು ಚಿಂಪಾಂಜಿಗಳು ಸತ್ತದ್ದೂ ಉಂಟು.

ಭಾರತದಲ್ಲಿ ಇರುವ ಬಾಲವಿಲ್ಲದ ವಾನರ ಅಂದರೆ ಈಶಾನ್ಯದ ಹೂಲಾಕ್ ಗಿಬ್ಬನ್ ಮಾತ್ರ. ಅದು ಬ್ರಹ್ಮಪುತ್ರದ ದಕ್ಷಿಣ ದಡದಲ್ಲಿದೆ, ಉತ್ತರ ದಡದಲ್ಲಿಲ್ಲ. ಕಾಡು ಎರಡೂ ಕಡೆ ಇದೆ, ನಡುವಿನ ನೀರು ದಾಟಲಾಗಲಿಲ್ಲ. ಆಫ್ರಿಕಾದ ಕಾಂಗೋ ನದಿಯ ಉತ್ತರಕ್ಕೆ ಚಿಂಪಾಂಜಿ, ದಕ್ಷಿಣಕ್ಕೆ ಬೊನೊಬೊ. ಒಂದೇ ಮೂಲದ ಇವೆರಡು ಹತ್ತು ಲಕ್ಷ ವರ್ಷಕ್ಕೂ ಜಾಸ್ತಿ ಕಾಲ ಬೇರೆ ಬೇರೆಯಾಗಿಯೇ ಉಳಿದು ಎರಡು ಜಾತಿಗಳಾದವು. ಒಂದು ನದಿ ಇಷ್ಟು ಕೆಲಸ ಮಾಡಿದೆ.

ಹಾಗಂತ ಇವು ನೀರಿಗೆ ಕಾಲೇ ಇಡುವುದಿಲ್ಲ ಎಂದಲ್ಲ. ಕಾಂಗೋ ಗಣರಾಜ್ಯದ ಜೌಗು ಬಯಲೊಂದರಲ್ಲಿ ಲಿಯಾ ಎಂದು ಹೆಸರಿಟ್ಟ ಹೆಣ್ಣು ಗೊರಿಲ್ಲಾ ಮಾಡಿದ್ದನ್ನು ಸಂಶೋಧಕರು 2004ರಲ್ಲಿ ಕಂಡರು. ಆನೆಗಳು ತುಳಿದು ಮಾಡಿದ ಗುಂಡಿಯಲ್ಲಿ ನೀರು ನಿಂತಿತ್ತು. ಲಿಯಾ ಎರಡು ಕಾಲಿನ ಮೇಲೆ ಇಳಿಯಿತು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಸೊಂಟದವರೆಗೆ ನೀರು. ವಾಪಸ್ ಬಂದು ಒಂದು ಕೋಲು ಕಿತ್ತುಕೊಂಡಿತು. ಆ ಕೋಲಿನಿಂದ ಮುಂದೆ ಎಷ್ಟು ಆಳವಿದೆ ಎಂದು ಚುಚ್ಚಿ ನೋಡುತ್ತ ಹತ್ತು ಮೀಟರಿನಷ್ಟು ದೂರ ಹೋಯಿತು. ಅಷ್ಟರಲ್ಲಿ ದಂಡೆಯಲ್ಲಿ ಮರಿ ಅಳತೊಡಗಿತು, ತಿರುಗಿ ಬಂದಿತು. ಹೊಳೆ ದಾಟುವಾಗ ನಮ್ಮ ಜನ ಕೋಲೂರಿ ಆಳ ನೋಡುವುದೂ ಹೀಗೇ. ಗೊರಿಲ್ಲಾಕ್ಕೆ ಮುಳುಗುವ ಅಪಾಯ ಗೊತ್ತಿದೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಕಿಲ್ಲ.

ಒಂಬತ್ತು ವರ್ಷದ ನಂತರ, 2013ರಲ್ಲಿ, ಈ ಚಿತ್ರ ಸ್ವಲ್ಪ ಬದಲಾಯಿತು. ರೆನಾಟೊ ಬೆಂಡರ್ ಮತ್ತು ನಿಕೋಲ್ ಬೆಂಡರ್ ಎಂಬ ಸಂಶೋಧಕರು ಮನುಷ್ಯರ ಜೊತೆ ಬೆಳೆದ ಎರಡು ವಾನರಗಳ ಈಜನ್ನು ದಾಖಲಿಸಿದರು. ಕೂಪರ್ ಎಂಬ ಚಿಂಪಾಂಜಿ ಈಜುಕೊಳದ ತಳಕ್ಕೆ ಮುಳುಗಿ ವಸ್ತುಗಳನ್ನು ಎತ್ತಿಕೊಂಡು ಬರುತ್ತಿತ್ತು. ಸೂರ್ಯ ಎಂಬ ಒರಾಂಗುಟಾನ್ 12 ಮೀಟರಿನವರೆಗೆ ಈಜುತ್ತಿತ್ತು. ಗಮನಿಸಬೇಕಾದ್ದು ಅವು ಈಜಿದ ರೀತಿ. ನಾಯಿ, ದನ, ಹಂದಿ ನೀರಿಗೆ ಬಿದ್ದರೆ ನೆಲದ ಮೇಲೆ ನಡೆದ ಹಾಗೆಯೇ ಕಾಲು ಬಡಿಯುತ್ತವೆ. ಅದು ಹುಟ್ಟಿನಿಂದಲೇ ಬಂದದ್ದು. ಕೂಪರ್ ಮತ್ತು ಸೂರ್ಯ ಮಾತ್ರ ಕಪ್ಪೆಯ ಹಾಗೆ ಕಾಲನ್ನು ಹೊರಗೆ ಮಡಚಿ ಒದೆಯುತ್ತಿದ್ದವು. ಮನುಷ್ಯರೂ ಹೀಗೆಯೇ ಈಜುತ್ತಾರೆ. ಮರದ ಮೇಲೆ ಬಾಳಿದ ಪೂರ್ವಜರಿಂದಾಗಿ ನಮ್ಮ ಬಳಗ ಹುಟ್ಟು ಈಜನ್ನು ಕಳೆದುಕೊಂಡಿತು, ಅದಕ್ಕೇ ಕಲಿತೇ ಈಜಬೇಕು ಎನ್ನುವುದು ಬೆಂಡರ್ ದಂಪತಿಯ ವಿವರಣೆ.

ಅಂದರೆ ವಾನರಕ್ಕೆ ಈಜು ಅಸಾಧ್ಯವಲ್ಲ, ಆದರೆ ಅದನ್ನು ಯಾರಾದರೂ ಕಲಿಸಬೇಕು ಇಲ್ಲವೇ ನಿಧಾನಕ್ಕೆ ತಾನೇ ಕಲಿಯಬೇಕು.

ಮುನ್ನೂರು ಕಿಲೋ ಮೈ ತೇಲೀತೇ?

ಹೇಳಿಕೆಗಳ ಪ್ರಕಾರ ಬಿಗ್‌ಫುಟ್ ತೂಕ ಮುನ್ನೂರು ಕಿಲೋ ಇರಬಹುದು ಎಂದುಕೊಳ್ಳೋಣ. ತೇಲುವುದು ಮುಳುಗುವುದು ಮುಖ್ಯವಾಗಿ ಮೈಯಲ್ಲಿ ಎಷ್ಟು ಕೊಬ್ಬಿದೆ, ಎದೆಯಲ್ಲಿ ಎಷ್ಟು ಗಾಳಿ ಇದೆ ಎಂಬುದರ ಮೇಲೆ ನಿಂತಿದೆ. ಕೊಬ್ಬು ನೀರಿಗಿಂತ ಹಗುರ, ಒಂದು ಲೀಟರ್ ಕೊಬ್ಬು ಸುಮಾರು 0.9 ಕಿಲೋ ತೂಗುತ್ತದೆ. ಕೊಬ್ಬು ಬಿಟ್ಟು ಉಳಿದ ಮೈ, ಅಂದರೆ ಮಾಂಸ, ಮೂಳೆ, ರಕ್ತ ಸೇರಿ ಲೀಟರಿಗೆ ಸುಮಾರು 1.1 ಕಿಲೋ. ಸಮುದ್ರದ ನೀರು 1.025 ಕಿಲೋ.

ಕಾಡಿನ ವಾನರಗಳ ಮೈಯಲ್ಲಿ ಕೊಬ್ಬು ತೀರಾ ಕಡಿಮೆ. ನಮ್ಮ ಪ್ರಾಣಿಗೆ 5 ಶೇಕಡಾ ಕೊಬ್ಬು ಕೊಟ್ಟರೆ ಅದರ ಮೈ ಸುಮಾರು 276 ಲೀಟರ್ ಜಾಗ ಹಿಡಿಯುತ್ತದೆ. ಅಷ್ಟು ಸಮುದ್ರದ ನೀರಿನ ತೂಕ 283 ಕಿಲೋ. 17 ಕಿಲೋ ಸಾಲುವುದಿಲ್ಲ. ಹೊಳೆಯ ಸಿಹಿ ನೀರಿನಲ್ಲಾದರೆ ಕೊರತೆ 24 ಕಿಲೋ. ಇದನ್ನು ತುಂಬಬೇಕಾದ್ದು ಉಸಿರು. ಮನುಷ್ಯ ಗಟ್ಟಿಯಾಗಿ ಉಸಿರೆಳೆದರೆ ಸುಮಾರು 6 ಲೀಟರ್ ಗಾಳಿ ಹಿಡಿಯುತ್ತದೆ. ಮೈ ತೂಕಕ್ಕೆ ತಕ್ಕಂತೆ ಏರಿಸಿದರೆ ಈ ಪ್ರಾಣಿಗೆ 25 ಲೀಟರ್. ಅಂದರೆ ಹೊಳೆಯಲ್ಲಿ ಎದೆ ತುಂಬ ಉಸಿರು ಹಿಡಿದಾಗ ಕಷ್ಟಪಟ್ಟು ತೇಲೀತು, ಬಿಟ್ಟ ಕೂಡಲೇ ಮುಳುಗೀತು. ಅಗಲ ಭುಜ, ದಪ್ಪ ತೋಳು ಇರುವ ಪ್ರಾಣಿಗೆ ಮೈಯ ಭಾರವೆಲ್ಲ ಮೇಲ್ಭಾಗದಲ್ಲಿ. ಮುಳುಗುವಾಗ ಮೊದಲು ಮುಖವೇ ನೀರಿಗೆ ಹೋಗುತ್ತದೆ.

ಆದರೆ ಇಲ್ಲಿ ನಂಬುವವರ ಕಡೆಗೂ ಒಂದು ಬಲವಾದ ಮಾತಿದೆ. ಬ್ರಿಟಿಷ್ ಕೊಲಂಬಿಯಾದಂಥ ಚಳಿ ನಾಡಿನಲ್ಲಿ ಬದುಕುವ ದೊಡ್ಡ ಪ್ರಾಣಿಗೆ ಕರಡಿಯ ಹಾಗೆ ಚರ್ಮದಡಿ ಕೊಬ್ಬು ಬೇಕೇ ಬೇಕು. ಶೇಕಡಾ 25 ಕೊಬ್ಬು ಕೊಟ್ಟು ನೋಡಿ. ಸಮುದ್ರದಲ್ಲಿ ಕೊರತೆ ಬರೀ 5 ಕಿಲೋಗೆ ಇಳಿಯುತ್ತದೆ. ಅರ್ಧ ಉಸಿರಿನಲ್ಲೂ ಅದು ತೇಲುತ್ತದೆ. ಹಾಗಾಗಿ ವಾನರ ಎಂದ ಮಾತ್ರಕ್ಕೆ ಈಜಲಾರದು ಎಂದು ಬಾಗಿಲು ಹಾಕುವುದು ಸರಿಯಲ್ಲ. ಭೌತಶಾಸ್ತ್ರ ಅದಕ್ಕೆ ಅಡ್ಡಿ ಮಾಡುವುದಿಲ್ಲ.

ಕಾಳಿಯ ಅಳಿವೆಯಲ್ಲಿ

ತೇಲುವುದು ಒಂದು, ದಾಟುವುದು ಇನ್ನೊಂದು. ಜೋಯಿಡಾದ ಡಿಗ್ಗಿ ಬಳಿ ಹುಟ್ಟುವ ಕಾಳಿ 184 ಕಿಲೋಮೀಟರ್ ಹರಿದು ಸದಾಶಿವಗಡ ಮತ್ತು ಕೋಡಿಬಾಗದ ನಡುವೆ ಸಮುದ್ರ ಸೇರುತ್ತದೆ. ಅಲ್ಲಿ ಅದರ ಅಗಲ ಅರ್ಧ ಕಿಲೋಮೀಟರಿಗೂ ಜಾಸ್ತಿ. ಸೂರ್ಯ ಒರಾಂಗುಟಾನ್ ಈಜಿದ 12 ಮೀಟರಿಗೆ ಹೋಲಿಸಿದರೆ ನಲವತ್ತು ಪಟ್ಟಿಗಿಂತ ಹೆಚ್ಚು. ಭರತದಲ್ಲಿ ಉಪ್ಪುನೀರು ಮೇಲಕ್ಕೆ ನುಗ್ಗುತ್ತದೆ, ಇಳಿತದಲ್ಲಿ ಹೊಳೆ ಸಮುದ್ರದ ಕಡೆ ಎಳೆಯುತ್ತದೆ. ದಾಟಲು ಹೊರಟವರು ನೇರ ಎದುರು ದಡ ಮುಟ್ಟುವುದಿಲ್ಲ, ಎಷ್ಟೋ ಕೆಳಗೆ ಹೋಗಿ ಹತ್ತುತ್ತಾರೆ.

ಮಳೆಗಾಲದ ಮಾತಂತೂ ಬೇಡವೇ ಬೇಡ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿಯ ಸೆಳೆತ ಎಷ್ಟಿತ್ತು ಎಂದರೆ ತರಬೇತಾದ ನೌಕಾಪಡೆಯ ಮುಳುಗುಗಾರರೂ ದಿನಗಟ್ಟಲೆ ನೀರಿಗಿಳಿಯಲಾಗದೆ ಕಾಯಬೇಕಾಯಿತು. ಹೊಳೆಗೆ ಬಿದ್ದಿದ್ದ ಲಾರಿಯನ್ನು ಮೇಲೆತ್ತಿದ್ದು ಸೆಪ್ಟೆಂಬರ್ ಕೊನೆಗೆ. ಅಂಥ ನೀರನ್ನು ಯಾವ ದೈತ್ಯವೂ ಸುಲಭವಾಗಿ ದಾಟುವುದಿಲ್ಲ.

ಕಡಲಿನ ಬದಿಯ ನಮ್ಮ ಜನರಿಗೆ ರಾಮಾಯಣದ ಒಂದು ಸಂದರ್ಭ ಇಲ್ಲಿ ನೆನಪಾಗಬಹುದು. ಸೀತೆ ಲಂಕೆಯಲ್ಲಿದ್ದಾಳೆ ಎಂದು ಸಂಪಾತಿ ಹೇಳಿದ ಮೇಲೆ ಕಪಿವೀರರು ದಂಡೆಯಲ್ಲಿ ಕೂತು ತಮ್ಮ ತಮ್ಮ ಶಕ್ತಿ ಹೇಳಿಕೊಳ್ಳುತ್ತಾರೆ. ಗಜ ಹತ್ತು ಯೋಜನ, ಗವಾಕ್ಷ ಇಪ್ಪತ್ತು, ಮುದುಕ ಜಾಂಬವಂತ ತೊಂಬತ್ತು, ಅಂಗದ ನೂರು. ಎಲ್ಲರದ್ದೂ ಹಾರುವ ಲೆಕ್ಕ. ಈಜುತ್ತೇನೆ ಎಂದವರು ಒಬ್ಬರೂ ಇಲ್ಲ. ಹನುಮಂತ ಹಾರಿದ, ಉಳಿದ ಸೇನೆಗೆ ನಳ ಸೇತುವೆ ಕಟ್ಟಬೇಕಾಯಿತು. ಇದು ಭಕ್ತಿಯ ವಿಷಯ, ಬಿಗ್‌ಫುಟ್ ವಿಡಿಯೋದ ಜೊತೆ ಇಟ್ಟು ನೋಡುವಂಥದ್ದಲ್ಲ. ಆದರೆ ಮರದ ಮೇಲಿನ ಜೀವಕ್ಕೆ ದೊಡ್ಡ ನೀರು ತಡೆ ಎನ್ನುವುದನ್ನು ಕವಿ ಚೆನ್ನಾಗಿ ಗಮನಿಸಿದ್ದಾನೆ ಎಂದು ಮಾತ್ರ ಹೇಳಬಹುದು.

ಈಜಿದರೆ ಗುರುತು ಜಾಸ್ತಿಯೇ

ಈಗ ಮುಖ್ಯ ಮಾತಿಗೆ ಬರೋಣ. ಈಜುವುದರಿಂದಲೇ ಗುರುತು ಸಿಗುತ್ತಿಲ್ಲ ಎನ್ನುವ ವಾದ ತಲೆಕೆಳಗಾಗಿದೆ. ನೀರು ಗುರುತನ್ನು ಅಳಿಸುವುದಕ್ಕಿಂತ ಜಾಸ್ತಿ ಉಳಿಸುತ್ತದೆ.

ನೀರುನಾಯಿಯನ್ನೇ ನೋಡಿ. ಕಾಳಿ ಮತ್ತು ಅಘನಾಶಿನಿಯಲ್ಲಿ ಅದನ್ನು ಕಣ್ಣಾರೆ ಕಂಡವರು ಕಡಿಮೆ, ಅಷ್ಟು ನಾಚಿಕೆಯ ಪ್ರಾಣಿ. ಆದರೂ ಅದು ಇದೆ ಎಂಬ ಬಗ್ಗೆ ಯಾರಿಗೂ ಅನುಮಾನವಿಲ್ಲ. ದಂಡೆಯ ಬಂಡೆಯ ಮೇಲೆ ಅದರ ಹಿಕ್ಕೆ ಇರುತ್ತದೆ. ಹಿಕ್ಕೆಯಲ್ಲಿ ಮೀನಿನ ಹುರುಪೆ, ಏಡಿಯ ಚಿಪ್ಪಿನ ಚೂರು. ಪಕ್ಕದ ಕೆಸರಿನಲ್ಲಿ ಬೆರಳು ಬಿಡಿಸಿಟ್ಟ ಹೆಜ್ಜೆ. ಕೆಲವೇ ಕಿಲೋ ತೂಗುವ ಪ್ರಾಣಿ ಇಷ್ಟು ಗುರುತು ಬಿಟ್ಟುಹೋಗುತ್ತದೆ. ಮುನ್ನೂರು ಕಿಲೋದ ಪ್ರಾಣಿ ಅಘನಾಶಿನಿಯ ಅಳಿವೆಯಲ್ಲಿ ದಡ ಹತ್ತಿದರೆ ಏನಾಗುತ್ತದೆ? ಕಾಂಡ್ಲಾ ಗಿಡಗಳ ನಡುವಿನ ಕೆಸರಿನಲ್ಲಿ ಅದರ ಕಾಲು ಮೊಣಕಾಲಿನವರೆಗೆ ಹೂತುಹೋಗುತ್ತದೆ. ಇಳಿತದ ಹೊತ್ತಿಗೆ ಅದೇ ಜಾಗಕ್ಕೆ ಬಳಚು ಹೆಕ್ಕಲು ಜನ ಬರುತ್ತಾರೆ. ಕೆಸರನ್ನು ಅಂಗೈಯಷ್ಟು ಹತ್ತಿರದಿಂದ ನೋಡುವ ಆ ಹೆಂಗಸರು, ಗಂಡಸರ ಕಣ್ಣಿಗೆ ಬೀಳದೆ ಒಂದು ಹೆಜ್ಜೆಯೂ ಉಳಿಯಲಾರದು.

ಎರಡನೆಯದು ಸಾವು. ಈಜುವ ಪ್ರಾಣಿ ಕೆಲವೊಮ್ಮೆ ಮುಳುಗುತ್ತದೆ. ಮುಳುಗಿದ್ದು ತೇಲಿ ದಡಕ್ಕೆ ಬರುತ್ತದೆ. ಡಾಲ್ಫಿನ್, ಕಡಲಾಮೆ, ಕೆಲವೊಮ್ಮೆ ತಿಮಿಂಗಿಲದ ದೇಹ ಕಾರವಾರದ ತೀರಕ್ಕೆ ಬಂದರೆ ಮೊದಲು ಮೀನುಗಾರರಿಗೆ ಗೊತ್ತಾಗುತ್ತದೆ, ಆಮೇಲೆ ಅರಣ್ಯ ಇಲಾಖೆಗೆ, ಸಮುದ್ರಜೀವಿ ತಜ್ಞರಿಗೆ. ಬ್ರಿಟಿಷ್ ಕೊಲಂಬಿಯಾದ ಕರಾವಳಿಯಲ್ಲೂ ಮೀನುಗಾರರಿದ್ದಾರೆ, ಬಲೆಗಳಿವೆ. ಅಲ್ಲಿ ಯಾವತ್ತೂ ಇಂಥ ದೇಹ ಸಿಕ್ಕಿಲ್ಲ.

ಮೂರನೆಯದು ನೀರೇ ಕೊಡುವ ಪುರಾವೆ. ಯಾವ ಪ್ರಾಣಿ ನೀರಿಗಿಳಿದರೂ ಚರ್ಮ, ಕೂದಲು, ಜೊಲ್ಲು, ಮಲಮೂತ್ರದ ಮೂಲಕ ಸ್ವಲ್ಪ ಡಿಎನ್‌ಎ ಬಿಟ್ಟುಹೋಗುತ್ತದೆ. ಅದನ್ನು ನೀರಿನಿಂದ ಸೋಸಿ ತೆಗೆದು ಓದಬಹುದು. ನ್ಯೂಜಿಲೆಂಡಿನ ವಿಜ್ಞಾನಿ ನೀಲ್ ಗೆಮ್ಮೆಲ್ ತಂಡ 2018ರಲ್ಲಿ ಸ್ಕಾಟ್‌ಲೆಂಡಿನ ಲಾಕ್ ನೆಸ್ ಸರೋವರದ ಸುಮಾರು 250 ನೀರಿನ ಮಾದರಿಗಳನ್ನು ಹೀಗೆ ಪರೀಕ್ಷಿಸಿತು. ಅಲ್ಲಿನ ಹೆಸರಾಂತ ದೈತ್ಯ ಸರೀಸೃಪದ ಸುಳಿವೇ ಸಿಗಲಿಲ್ಲ. ಸಿಕ್ಕಿದ್ದು ಹಾವುಮೀನಿನ ಡಿಎನ್‌ಎ, ಅದೂ ರಾಶಿ ರಾಶಿ. ಬರೀ ಕಾಡಿನಲ್ಲಿ ಅಡಗಿದ್ದರೆ ಬಿಗ್‌ಫುಟ್‌ಗೆ ಸ್ವಲ್ಪವಾದರೂ ಮರೆಯಿತ್ತು. ಹೊಳೆ, ಸಮುದ್ರ ಈಜುತ್ತದೆ ಎಂದರೆ ಆ ಮರೆಯೂ ಹೋಗುತ್ತದೆ.

ಹಾಗಾದರೆ ಕಂಡದ್ದೇನು?

ನೋಡಿದೆ ಎನ್ನುವವರೆಲ್ಲ ಸುಳ್ಳು ಹೇಳುತ್ತಾರೆ ಎನ್ನುವುದು ಅನ್ಯಾಯ. ಅವರಲ್ಲಿ ಬಹಳ ಜನ ಏನನ್ನೋ ನಿಜವಾಗಿ ಕಂಡಿರುತ್ತಾರೆ. ಆ ಏನೋ ಹೆಚ್ಚಾಗಿ ಕರಿ ಕರಡಿ ಇರಬಹುದು. ಕರಡಿ ಒಳ್ಳೆಯ ಈಜುಗಾರ. ನೀರಿನಲ್ಲಿ ದೂರದಿಂದ ಕಾಣುವುದು ದುಂಡನೆಯ ಕಪ್ಪು ತಲೆ ಮಾತ್ರ. ದಂಡೆ ಹತ್ತಿರ ಬಂದಾಗ ಹಿಂಗಾಲ ಮೇಲೆ ಎದ್ದು ನಿಂತು ಸುತ್ತ ನೋಡುತ್ತದೆ. ನೆನೆದ ಕೂದಲು ಮೈಗೆ ಅಂಟಿ ಕೈಕಾಲು ಉದ್ದ ಕಾಣುತ್ತವೆ. ಎದ್ದು ನಿಂತ ಆ ಕ್ಷಣ ನೋಡಿದವರಿಗೆ ಅದು ಮನುಷ್ಯನಂತೆಯೇ. 2024ರಲ್ಲಿ ಪ್ರಕಟವಾದ ಫ್ಲೋ ಫಾಕ್ಸನ್ ಅವರ ಅಧ್ಯಯನದ ಪ್ರಕಾರ, ಕರಿ ಕರಡಿ ಹೆಚ್ಚಿರುವ ಕಡೆ ಸಾಸ್ಕ್ವಾಚ್ ಕಂಡ ವರದಿಗಳೂ ಹೆಚ್ಚು. ಜನಸಂಖ್ಯೆ, ಕಾಡಿನ ವಿಸ್ತಾರ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ಸಂಬಂಧ ಉಳಿಯುತ್ತದೆ.

ಇಲ್ಲಿ ಆಗಬಹುದಾದ್ದು

ಸುಮ್ನೆ ಮನರಂಜನೆ, ಬಿಡಿ ಎನ್ನಬಹುದು. ಆದರೆ 2001ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಮಂಗ ಮನುಷ್ಯನ ವದಂತಿ ಎದ್ದಾಗ ಹೆದರಿ ಮಾಳಿಗೆಯಿಂದ ಬಿದ್ದು ಜನ ಸತ್ತಿದ್ದರು. ಆಗ ಎಐ ಇರಲಿಲ್ಲ, ವಾಟ್ಸಾಪ್ ಇರಲಿಲ್ಲ. ಈಗ 'ಅಣಶಿ ಘಟ್ಟದಲ್ಲಿ ಕಂಡಿತು' ಅಂತ ಒಂದು ಸಾಲು ಸೇರಿಸಿದರೆ ಸಾಕು. ಹೊರಗೆ ಬರುವುದು ಜೋಯಿಡಾ, ಹಳಿಯಾಳದ ಬಡಪಾಯಿ ಕರಡಿ, ಏಟು ತಿನ್ನುವುದೂ ಅದೇ.

ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಸಿದ್ದಾಪುರ, ಶಿರಸಿ, ಹೊನ್ನಾವರದ ಘಟ್ಟದ ಊರುಗಳಿಗೆ ಮಂಗದ ಸುದ್ದಿ ಎಂದರೆ ಜೀವದ ಪ್ರಶ್ನೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ. ಚಳಿಗಾಲದಿಂದ ಮಳೆ ಶುರುವಾಗುವವರೆಗೆ ಅದರ ಕಾಟ. ಕಾಡಿನಲ್ಲಿ ಮಂಗಗಳು ಸಾಯತೊಡಗುವುದೇ ಅದು ಬಂದಿದೆ ಎನ್ನುವ ಮೊದಲ ಸೂಚನೆ. ಸತ್ತ ಮಂಗದ ಮೈಯಿಂದ ಇಳಿದ ಉಣುಗು ಸುತ್ತಲಿನ ತರಗೆಲೆಯಲ್ಲಿ ಸೇರಿಕೊಳ್ಳುತ್ತದೆ. ಸೊಪ್ಪು, ದರಕು ತರಲು ಹೋದವರಿಗೆ ಅಲ್ಲಿಂದಲೇ ಹತ್ತುತ್ತದೆ. ಸುಳ್ಳು ವಾನರದ ಫೋನ್ ಕರೆಗಳಿಗೆ ಓಡಾಡಿ ಸುಸ್ತಾದ ಅರಣ್ಯ ಸಿಬ್ಬಂದಿ, ಮುಂದಿನ ಸಲ ನಿಜವಾದ ಕರೆ ಬಂದಾಗ ತಡ ಮಾಡಿದರೆ ಕಾಯಿಲೆ ಒಂದು ಊರು ಮುಂದೆ ಹೋಗಿರುತ್ತದೆ.

ಹಾಗಾಗಿ ಈಜುವ ಬಿಗ್‌ಫುಟ್ ವಿಡಿಯೋ ಬಂದರೆ ಮುಂದೆ ಕಳಿಸುವ ಮೊದಲು ನೀರನ್ನು ಗಮನಿಸಿ. ನಿಜವಾದ ಪ್ರಾಣಿಯ ಹಿಂದೆ ಅಲೆ ಎರಡು ಕಡೆ ಸೀಳಿಕೊಂಡು ಹೋಗುತ್ತದೆ. ದಡ ಹತ್ತಿದಾಗ ಕೂದಲಿನಿಂದ ನೀರು ಧಾರೆಯಾಗಿ ಸುರಿಯುತ್ತದೆ, ಕಾಲಿನ ಕೆಳಗೆ ಕೆಸರು ತಗ್ಗಾಗುತ್ತದೆ. ಕಾಡಿನಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಮುಟ್ಟಬೇಡಿ. ಜಾಗ ಸರಿಯಾಗಿ ಗುರುತಿಟ್ಟುಕೊಂಡು ಅದೇ ದಿನ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ಅರಣ್ಯ ಇಲಾಖೆಗೆ ತಿಳಿಸಿ.